ಹಳೆಯ ಅಪ್ಪೆಮಿಡಿ ಮರಕ್ಕೆ ಮನೆಯಲ್ಲೇ ಕಸಿ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಉಪ್ಪಿನಕಾಯಿಗೆ ಒದಗುವ ಒಳ್ಳೆಯ ಮಾವಿನ ಮಿಡಿಯ ಮರಕ್ಕೆ ಹೆಸರಿರುತ್ತದೆ. ಕೆಲವಕ್ಕೆ ಊರಿನ ಹೆಸರು, ಕೆಲವಕ್ಕೆ ಮನೆಯ ಯಜಮಾನನ ಹೆಸರು. ಹಲವು ಮಳೆಗಾಲಗಳಿಂದ ನಾನು ನಮ್ಮ ಹಿತ್ತಲಲ್ಲಿ ಇಂಥ ಮರಗಳ ಕಸಿ ಕಟ್ಟುತ್ತಿದ್ದೇನೆ. ಗಿಡ ಕೇಳಿಕೊಂಡು ಬಂದವರು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ.

ಅಪ್ಪೆಮಿಡಿ ಎಂದರೆ ಮಾವಿನ ಬೇರೆ ಜಾತಿಯೇ?

ಅಲ್ಲ. ರಸಪೂರಿ, ಆಪೂಸು ಯಾವ ಜಾತಿಯೋ ಇದೂ ಅದೇ, ಮ್ಯಾಂಜಿಫೆರಾ ಇಂಡಿಕಾ. ಆದರೆ ಇದು ಯಾರೋ ನೆಟ್ಟು ಬೆಳೆಸಿದ ಮಾವಲ್ಲ. ಅಘನಾಶಿನಿ, ಶರಾವತಿ, ಬೇಡ್ತಿ, ಕಾಳಿ, ವರದಾ ನದಿಗಳ ದಂಡೆಯಲ್ಲಿ, ಅವುಗಳಿಗೆ ಸೇರುವ ಹಳ್ಳಗಳ ಬದಿಯಲ್ಲಿ ತಾನಾಗಿ ಹುಟ್ಟಿದ ಮರಗಳಲ್ಲಿ ಪರಿಮಳವೂ ಹುಳಿಯೂ ಇರುವುದನ್ನು ನಮ್ಮ ಹಿರಿಯರು ನಾಲಿಗೆಯಿಂದಲೇ ಆರಿಸಿ ಗುರುತಿಟ್ಟುಕೊಂಡರು. ಹಣ್ಣಾದರೆ ಹೆಚ್ಚಿನವನ್ನು ತಿನ್ನಲಾಗದು, ನಾರು, ಹುಳಿ. ಅದರ ಬೆಲೆಯೆಲ್ಲ ಮಿಡಿಯಲ್ಲಿ, ಮಿಡಿಯ ಸೊನೆಯಲ್ಲಿ. ತೊಟ್ಟು ಮುರಿದ ಕೂಡಲೇ ಚಿಮ್ಮುವ ಆ ಸೊನೆಗೆ ಒಂದು ಮರದಲ್ಲಿ ಜೀರಿಗೆಯ ವಾಸನೆ, ಇನ್ನೊಂದರಲ್ಲಿ ಕರ್ಪೂರದ್ದು. ಉಪ್ಪುನೀರಿನಲ್ಲಿ ವರ್ಷಗಟ್ಟಲೆ ಕೂತರೂ ಆ ವಾಸನೆ ಹೋಗುವುದಿಲ್ಲ. ಅಪ್ಪೆಮಿಡಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಒಳ್ಳೆಯ ಮರದ ಗೊರಟು ತಂದು ನೆಟ್ಟರೆ ಸಾಲದೇ? ಕಸಿಯೇ ಏಕೆ?

ಸಾಲದು. ಮಾವಿನ ಹೂವಿಗೆ ನೊಣ, ಜೇನು ಎಲ್ಲೆಲ್ಲಿಂದಲೋ ಪರಾಗ ತರುತ್ತವೆ. ಜೀರಿಗೆ ಅಪ್ಪೆಯ ಗೊರಟಿನಲ್ಲಿ ತಾಯಿಯ ಗುಣ ಅರ್ಧ, ಪಕ್ಕದ ಕಾಟುಮಾವಿನದು ಇನ್ನರ್ಧ. ಅದು ನೆಟ್ಟು ಎಂಟು ಹತ್ತು ವರ್ಷ ಕಾದ ಮೇಲೆ ವಾಸನೆಯೇ ಇಲ್ಲದ ಮಿಡಿ ಬಿಟ್ಟರೆ ಯಾರನ್ನು ದೂರುವುದು? ಹುಟ್ಟಿದ ನೂರು ಸಸಿಯಲ್ಲಿ ತಾಯಿಯನ್ನೂ ಮೀರಿಸುವ ಒಂದು ಇರಲೂಬಹುದು. ಹಳೆಯ ಹೆಸರಾಂತ ಮರಗಳೆಲ್ಲ ಹಾಗೆಯೇ ಬಂದವು. ಆದರೆ ಇರುವ ಮರವನ್ನು ಇದ್ದಂತೆಯೇ ಉಳಿಸಿಕೊಳ್ಳಲು ಕಸಿಯೊಂದೇ ದಾರಿ. ಕಸಿಗಿಡ ತಾಯಿಮರದ ಮಗುವಲ್ಲ, ಅದರದೇ ಒಂದು ಕೊಂಬೆ ಬೇರೆ ಬೇರಿನ ಮೇಲೆ ಬದುಕುತ್ತಿರುವುದು. ಗೋವೆಯಲ್ಲಿ ಪೋರ್ಚುಗೀಸರ ಕಾಲದಲ್ಲಿ ಕಸಿ ರೂಢಿಗೆ ಬಂದದ್ದರಿಂದಲೇ ಆಪೂಸು ಇಂದಿಗೂ ಆಪೂಸಾಗಿ ಉಳಿದಿದೆ.

ಇನ್ನೊಂದು ಮಾತು. ಮಿಡಿಯ ಮರದಲ್ಲಿ ಹಣ್ಣಾಗಲು ನಾವು ಬಿಡುವುದೇ ಇಲ್ಲ. ಎಳೆಯದರಲ್ಲೇ ಕೊಯ್ದು ಭರಣಿಗೆ ತುಂಬುತ್ತೇವೆ. ಹೀಗಾಗಿ ಇಂಥ ಮರಗಳ ಸಂತಾನ ಕಾಡಿನಲ್ಲಿ ತಾನಾಗಿ ಮುಂದುವರಿಯುವುದೂ ಕಡಿಮೆಯಾಗಿದೆ.

ಯಾವ ತಳಿಯನ್ನು ಆರಿಸಲಿ?

ಅನಂತಭಟ್ಟನ ಅಪ್ಪೆ, ಮಾಳಂಜಿ ಅಪ್ಪೆ, ಹಳದೋಟ ಅಪ್ಪೆ, ಕಂಚಪ್ಪೆ, ದೊಂಬೆಸರ ಜೀರಿಗೆ ಹೀಗೆ ಹೆಸರು ಮಾಡಿದ ತಳಿಗಳ ಕಸಿಗಿಡಗಳು ನರ್ಸರಿಗಳಲ್ಲಿ ಸಿಗುತ್ತವೆ. ಅವು ಒಳ್ಳೆಯವೇ. ಆದರೆ ನನ್ನನ್ನು ಕೇಳಿದರೆ, ಮೊದಲು ನಿಮ್ಮ ಊರಿನಲ್ಲೇ ಹುಡುಕಿ. ನಿಮ್ಮ ಅಜ್ಜಿ ಯಾವ ಮರದ ಮಿಡಿಗಾಗಿ ಕಾಯುತ್ತಿದ್ದರು? ಆ ಮರ ಇನ್ನೂ ಇದೆಯೇ? ಹೆಸರಾಂತ ತಳಿಗಳನ್ನು ನೂರು ಜನ ಉಳಿಸುತ್ತಾರೆ. ನಿಮ್ಮ ಹಳ್ಳದ ಬದಿಯ ಮರವನ್ನು ನೀವಲ್ಲದೆ ಇನ್ನಾರೂ ಉಳಿಸುವುದಿಲ್ಲ.

ಒಳ್ಳೆಯ ಮಿಡಿಗೆ ಸೊನೆ ಹೆಚ್ಚು, ತೊಟ್ಟು ಗಟ್ಟಿ, ತಿರುಳು ಬಿಗಿ. ಉಪ್ಪಿನಲ್ಲಿ ಎರಡು ಮೂರು ವರ್ಷ ಇದ್ದರೂ ಕಚ್ಚಿದಾಗ ಕರಕರ ಎನ್ನಬೇಕು. ಮಿಡಿ ಇಲ್ಲದ ಕಾಲದಲ್ಲಿ ಎಲೆಯನ್ನು ಉಜ್ಜಿ ಮೂಸಿ ನೋಡಿ. ಸ್ವಲ್ಪ ಅಂದಾಜು ಸಿಗುತ್ತದೆ.

ಬೇರುಸಸಿಗೆ, ಅಂದರೆ ಕಸಿಗೆ ಬೇರು ಕೊಡುವ ಸಸಿಗೆ, ಯಾವ ಗೊರಟು ಬಳಸಬೇಕು?

ನಮ್ಮ ನೆಲದಲ್ಲೇ ಹುಟ್ಟಿ ಬೆಳೆದ ಕಾಟುಮಾವಿನದು. ಜಂಬಿಟ್ಟಿಗೆಯ ನೆಲ, ಶಿರಸಿಯ ಸುಮಾರು 2500 ಮಿಲಿಮೀಟರ್ ಮಳೆ, ಅದರ ನಂತರ ಏಳು ತಿಂಗಳ ಒಣಹವೆ, ಎಲ್ಲವನ್ನೂ ತಡೆದುಕೊಳ್ಳುವ ಬೇರು ಅದಕ್ಕಿದೆ. ಮೇ ಕೊನೆಯಲ್ಲಿ ಬಿದ್ದ ಹಣ್ಣಿನ ಗೊರಟನ್ನು ಆರಿಸಿ ತೊಳೆದು ಒಂದೆರಡು ವಾರದೊಳಗೆ ಹಾಕಿಬಿಡಿ. ಮಾವಿನ ಬೀಜಕ್ಕೆ ಆಯಸ್ಸು ಕಡಿಮೆ, ಒಣಗಿಸಿಟ್ಟರೆ ಹುಟ್ಟುವುದಿಲ್ಲ. ನೀರಿಗೆ ಹಾಕಿ ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ಮಾತ್ರ ತೆಗೆದುಕೊಳ್ಳಿ. ಮರಳು ಮತ್ತು ಕೊಟ್ಟಿಗೆ ಗೊಬ್ಬರದ ಪುಡಿ ಬೆರೆಸಿದ ಮಡಿಯಲ್ಲಿ ಹಾಕಿದರೆ ಎರಡು ಮೂರು ವಾರಕ್ಕೆ ಮೊಳಕೆ ಕಾಣುತ್ತದೆ.

ಬೇರುಸಸಿಗೆ ಜೋಡಿಸುವ ತಾಯಿಮರದ ಕಸಿಕಡ್ಡಿಯನ್ನು ಯಾವಾಗ, ಹೇಗೆ ಕೊಯ್ಯಬೇಕು?

ಕಸಿ ಕೆಡುವುದು ಹೆಚ್ಚಾಗಿ ಕಟ್ಟುವಾಗ ಅಲ್ಲ, ಕಡ್ಡಿ ಆರಿಸುವಾಗ. ಅದಕ್ಕೇ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೂರು ನಾಲ್ಕು ತಿಂಗಳು ಬಲಿತ, ಪೆನ್ಸಿಲಿನಷ್ಟು ದಪ್ಪದ ಕೊನೆಕುಡಿ ಬೇಕು. ಆ ವರ್ಷ ಹೂ ಬಿಟ್ಟ ಕುಡಿ ಬೇಡ. ಬಿಸಿಲು ಬೀಳುವ ಮೇಲಿನ ಕೊಂಬೆಯದಾಗಿರಬೇಕು. ಕೆಳಗೆ ನೆರಳಿನಲ್ಲಿ ಸೊರಗಿದ ಕಡ್ಡಿ ಕೈಗೆ ಸುಲಭವಾಗಿ ಸಿಗುತ್ತದೆ, ಆದರೆ ಹತ್ತುವುದಿಲ್ಲ. ನಾನು ಮೊದಲ ವರ್ಷ ಕಟ್ಟಿದ ಇಪ್ಪತ್ತರಲ್ಲಿ ಹದಿನಾರು ಸತ್ತದ್ದು ಇದೇ ಕಾರಣಕ್ಕೆ. ಮರ ಹತ್ತುವವರು ಸಿಗಲಿಲ್ಲವೆಂದು ನೆಲದಿಂದಲೇ ಎಟುಕಿದ ಕಡ್ಡಿ ಕೊಯ್ದಿದ್ದೆ.

ಕೊಯ್ಯುವ ಏಳರಿಂದ ಹತ್ತು ದಿನ ಮೊದಲು ಆರಿಸಿದ ಕುಡಿಯ ಎಲೆಗಳನ್ನು ಕತ್ತರಿಸಿ, ಎಲೆಯ ತೊಟ್ಟನ್ನು ಮಾತ್ರ ಕಡ್ಡಿಯಲ್ಲೇ ಬಿಡಿ. ಎಲೆಗೆ ಹೋಗುವ ಸತ್ವ ಆಗ ತುದಿಯ ಮೊಗ್ಗಿಗೆ ಹೋಗುತ್ತದೆ. ವಾರ ಕಳೆದು ಹೋಗಿ ನೋಡಿದರೆ ಚೂಪಾಗಿದ್ದ ಮೊಗ್ಗು ಉಬ್ಬಿರುತ್ತದೆ, ಮುಟ್ಟಿದರೆ ತೊಟ್ಟುಗಳು ತಾವೇ ಉದುರುತ್ತವೆ. ಕಡ್ಡಿ ತಯಾರಾಗಿದೆ ಎಂದು ಮರ ಹೇಳುವುದು ಹೀಗೆ. ಮೊಗ್ಗು ಒಡೆದು ಹಸಿರು ಕಂಡರೆ ತಡವಾಯಿತೆಂದು ತಿಳಿಯಿರಿ. ನಾಲ್ಕರಿಂದ ಆರು ಅಂಗುಲ ಉದ್ದಕ್ಕೆ ಕೊಯ್ದು ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ಅದೇ ದಿನ ಕಟ್ಟಿದರೆ ಉತ್ತಮ. ದೂರದಿಂದ ತರುವುದಾದರೆ ಬಾಳೆದಿಂಡಿನ ಪದರದೊಳಗೆ ಇಟ್ಟು ತನ್ನಿ, ಎರಡು ಮೂರು ದಿನ ತಡೆಯುತ್ತದೆ.

ಕಟ್ಟುವ ಕ್ರಮವನ್ನು ಹಂತ ಹಂತವಾಗಿ ಹೇಳುತ್ತೀರಾ?

ನಮ್ಮ ಕಡೆಯ ಹವೆಗೆ ಗೊರಟು ಕಸಿ, ಅಂದರೆ ಗೊರಟು ಅಂಟಿಕೊಂಡೇ ಇರುವ ಎಳೆ ಸಸಿಗೆ ಕಟ್ಟುವ ಕಸಿ, ಚೆನ್ನಾಗಿ ಒಗ್ಗುತ್ತದೆ. ಪುನರ್ವಸು, ಪುಷ್ಯ ಮಳೆಯ ಹೊತ್ತು, ಅಂದರೆ ಜುಲೈ ತಿಂಗಳು, ಅದಕ್ಕೆ ಸರಿಯಾದ ಕಾಲ. ಗಾಳಿಯಲ್ಲೇ ನೀರಿರುತ್ತದೆ, ಕಡ್ಡಿ ಒಣಗುವುದಿಲ್ಲ.

ಮೊಳೆತು ಹತ್ತು ಹದಿನೈದು ದಿನವಾದ ಸಸಿಯ ಎಲೆ ತಾಮ್ರದ ಬಣ್ಣದ್ದಾಗಿರುತ್ತದೆ. ಕಾಂಡವೂ ಕೆಂಪು, ಎಳೆಯ ಹುರುಳಿಕಾಯಿಯಂತೆ ನೀರು ತುಂಬಿ ಪಟಕ್ಕನೆ ಮುರಿಯುವಂತಿರುತ್ತದೆ. ಎಲೆ ಹಸಿರಾಗುವ ಮೊದಲೇ ಗೊರಟಿನ ಸಮೇತ ಅದನ್ನು ಮೆಲ್ಲನೆ ಕಿತ್ತು ಬೇರು ತೊಳೆದುಕೊಳ್ಳಿ. ಗೊರಟಿನಿಂದ ಎರಡು ಎರಡೂವರೆ ಅಂಗುಲ ಮೇಲೆ ತಲೆಯನ್ನು ಅಡ್ಡಲಾಗಿ ಕತ್ತರಿಸಿ. ಕತ್ತರಿಸಿದ ತುದಿಯ ನಡುವೆ ಒಂದೂವರೆ ಅಂಗುಲ ಆಳಕ್ಕೆ ಸೀಳಿ. ಈಗ ಕಡ್ಡಿಯ ಬುಡವನ್ನು ಎರಡೂ ಕಡೆಯಿಂದ ಅಷ್ಟೇ ಉದ್ದಕ್ಕೆ ಬೆಣೆಯಂತೆ ಹೆರೆಯಿರಿ. ಒಂದೇ ಎಳೆತಕ್ಕೆ ಹೆರೆಯಬೇಕು. ಗರಗಸದಂತೆ ಹಿಂದೆ ಮುಂದೆ ಆಡಿಸಿದರೆ ಗಾಯ ತರಿತರಿಯಾಗಿ ನಡುವೆ ಗಾಳಿ ಉಳಿಯುತ್ತದೆ. ಅದಕ್ಕಾಗಿ ಚಾಕು ಎಷ್ಟು ಹರಿತವಿರಬೇಕೆಂದರೆ ಮುಂಗೈಯ ರೋಮ ಬೋಳಿಸುವಷ್ಟು. ಹೊಸ ಬ್ಲೇಡ್ ಆದರೂ ನಡೆಯುತ್ತದೆ.

ಬೆಣೆಯನ್ನು ಸೀಳಿನೊಳಗೆ ಇಳಿಸುವಾಗ ಕಣ್ಣಿಡಬೇಕಾದದ್ದು ತೊಗಟೆಯ ಕೆಳಗಿನ ತೆಳು ಹಸಿರು ಪದರದ ಮೇಲೆ. ಹೊಸ ಜೀವಕೋಶ ಹುಟ್ಟುವುದು ಅಲ್ಲಿ ಮಾತ್ರ. ಎರಡರ ಪದರವೂ ಒಂದಕ್ಕೊಂದು ತಾಗಬೇಕು. ಸಸಿ ದಪ್ಪ, ಕಡ್ಡಿ ಸಣ್ಣ ಆದರೆ ನಡುವೆ ನಿಲ್ಲಿಸಬೇಡಿ, ಒಂದು ಬದಿಗೆ ಸರಿಸಿ ಆ ಕಡೆಯ ತೊಗಟೆಗೆ ತೊಗಟೆ ಕೂಡಿಸಿ. ಅಷ್ಟು ಸಾಕು, ಹತ್ತುತ್ತದೆ. ಮುಕ್ಕಾಲು ಅಂಗುಲ ಅಗಲದ ಪಾಲಿಥೀನ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ ಗಂಟು ಹಾಕಿ. ನಂತರ ಮಣ್ಣು ತುಂಬಿದ ಕೊಟ್ಟೆಯಲ್ಲಿ, ಗೊರಟು ಮುಚ್ಚುವಂತೆ, ಕಸಿಯ ಗಂಟು ಮಣ್ಣಿನಿಂದ ಮೇಲೆ ಇರುವಂತೆ ನೆಡಿ. ಐಸ್‌ಕ್ಯಾಂಡಿ ತುಂಬುವ ಉದ್ದನೆಯ ಪ್ಲಾಸ್ಟಿಕ್ ಕೊಟ್ಟೆಯನ್ನು ಕಡ್ಡಿಗೆ ಟೋಪಿಯಂತೆ ತೊಡಿಸಿ ಕೆಳಗೆ ದಾರ ಕಟ್ಟಿ.

ಸೊನೆ ಬಂದರೆ ಗಾಬರಿ ಬೇಡ, ಒಣ ಬಟ್ಟೆಯಲ್ಲಿ ಒರೆಸಿ ಕೂಡಲೇ ಜೋಡಿಸಿ. ಹೆರೆದ ಜಾಗಕ್ಕೆ ಬೆರಳು ತಾಗಿಸಬೇಡಿ.

ಕಸಿ ಹತ್ತಿತೆಂದು ಗೊತ್ತಾಗುವುದು ಹೇಗೆ?

ಎರಡು ಮೂರು ವಾರ ಸುಮ್ಮನಿರಬೇಕು. ಕಡ್ಡಿ ಹಸಿರಾಗಿದ್ದರೆ ಭರವಸೆ ಇದೆ. ಬುಡದಿಂದ ಕಪ್ಪಾಗುತ್ತ ಬಂದರೆ ಹೋಯಿತು. ತುದಿ ಒಡೆದು ಕೆಂಪು ಎಲೆ ಟೋಪಿಗೆ ತಾಗುವಾಗ ಸಂಜೆ ಹೊತ್ತು ಟೋಪಿ ತೆಗೆಯಿರಿ. ಒಂದು ದಿನ ತಡವಾದರೂ ಒಳಗಿನ ಬೆವರಿಗೆ ಎಳೆಯ ಎಲೆ ಕೊಳೆಯುತ್ತದೆ. ಗಿಡಗಳನ್ನು ಮಾಡಿನ ನೀರು ಬೀಳದ ಕಡೆ, ಅರೆನೆರಳಿನಲ್ಲಿ ಇಡಿ. ಜಡಿಮಳೆ ನೇರ ಬಿದ್ದರೆ ಬುಡ ಕೊಳೆತು ಸಾಯುವುದೇ ಹೆಚ್ಚು. ಸುತ್ತಿದ ಪಟ್ಟಿಯನ್ನು ಮೂರು ತಿಂಗಳಾದ ಮೇಲೆ ಮರೆಯದೆ ಬಿಚ್ಚಿ, ಇಲ್ಲದಿದ್ದರೆ ಕಾಂಡದೊಳಗೆ ಇಳಿದು ಕುತ್ತಿಗೆ ಹಿಸುಕುತ್ತದೆ. ಗಂಟಿನ ಕೆಳಗೆ ಬಂದ ಚಿಗುರನ್ನೆಲ್ಲ ಚಿವುಟಿ ಹಾಕಿ. ಅದು ಕಾಟುಮಾವಿನ ಚಿಗುರು. ಬಿಟ್ಟರೆ ಅದೇ ಮರವಾಗಿ, ನೀವು ಕಟ್ಟಿದ್ದು ಸೊರಗುತ್ತದೆ.

ಮೊದಲ ವರ್ಷ ಗೊರಟು ಕಸಿ ಆಗಲಿಲ್ಲ. ಬೇರೆ ದಾರಿ?

ಎಂಟು ಹತ್ತು ತಿಂಗಳ ಸಸಿಯ ಹೊಸ ಚಿಗುರಿನ ಮೆದು ಕಾಂಡದ ಮೇಲೂ ಇದೇ ರೀತಿ ಬೆಣೆ ಕಸಿ ಕಟ್ಟಬಹುದು. ಅಂಗಳದಲ್ಲಿ ಬೇಡದ ಮಾವಿನ ಮರವಿದ್ದರೆ ಅದನ್ನೇ ಬಳಸಿ. ಬೇಸಿಗೆಯ ಮೊದಲು ಎದೆಮಟ್ಟಕ್ಕೆ ಕಡಿದು, ಗಾಯಕ್ಕೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಮುಲಾಮು ಹಚ್ಚಿ, ಬಂದ ಚಿಗುರುಗಳಲ್ಲಿ ಬಲವಾದ ಐದಾರನ್ನು ಉಳಿಸಿ ಮಳೆಗಾಲದಲ್ಲಿ ಅವುಗಳ ಮೇಲೆ ಕಟ್ಟಬಹುದು. ಒಂದೇ ಮರದಲ್ಲಿ ಮೂರು ತಳಿಯ ಮಿಡಿ ಬಿಡಿಸಿದವರಿದ್ದಾರೆ.

ನಮ್ಮ ಮರ ಗಾಳಿಗೆ ಬಿದ್ದುಬಿಟ್ಟಿದೆ. ಇನ್ನೇನಾದರೂ ಮಾಡಬಹುದೇ?

ಎಲೆ ಬಾಡಿಲ್ಲವಾದರೆ ಇವತ್ತೇ ಕಡ್ಡಿ ಕೊಯ್ಯಿರಿ, ನಾಳೆ ಎನ್ನಬೇಡಿ.

ನಮ್ಮ ನೆರೆಮನೆಯವರ ಹಳ್ಳದ ಬದಿಯಲ್ಲಿ ಒಂದು ಮರವಿತ್ತು. ಅವರ ಮನೆಯ ಅಜ್ಜಿ ಮದುವೆಯಾಗಿ ಬಂದಾಗಲೇ ಅದು ದೊಡ್ಡ ಮರ. ಹೊಳೆಬದಿ ಅಪ್ಪೆ ಎಂದು ನಮ್ಮ ಕೇರಿಯಲ್ಲಿ ಮಾತ್ರ ಹೆಸರು. ಬುಡ ಟೊಳ್ಳಾಗಿದೆ, ಈ ವರ್ಷ ಕಡ್ಡಿ ಕೊಯ್ಯಬೇಕು ಎಂದು ಮೂರು ವರ್ಷ ಅಂದುಕೊಳ್ಳುತ್ತಲೇ ಇದ್ದೆ. ಒಂದು ಆಷಾಢದಲ್ಲಿ ದಂಡೆ ಕುಸಿದು ಅದು ಹಳ್ಳಕ್ಕೆ ಅಡ್ಡ ಬಿತ್ತು. ಸುದ್ದಿ ತಿಳಿದಾಗ ಎರಡು ದಿನ ಕಳೆದಿತ್ತು. ಕಂಬಳಿಕೊಪ್ಪೆ ಹೊದ್ದು ಹೋಗಿ ನೋಡಿದರೆ ಅರ್ಧ ನೀರಿನಲ್ಲಿದ್ದರೂ ಮೇಲಿನ ಕೊಂಬೆ ಹಸಿರಾಗಿತ್ತು. ಎಲೆ ಕತ್ತರಿಸಿ ಹತ್ತು ದಿನ ಕಾಯುವ ಮಾತೇ ಇರಲಿಲ್ಲ. ಸಿಕ್ಕಿದ ಕಡ್ಡಿಗಳನ್ನು ಕೊಯ್ದು ಆ ರಾತ್ರಿ ಬಲ್ಬಿನ ಬೆಳಕಿನಲ್ಲಿ ನಲವತ್ತು ಕಟ್ಟಿದೆ. ಉಳಿದದ್ದು ಆರು. ಮರ ನಿಂತಿದ್ದಾಗಲೇ ಸರಿಯಾಗಿ ಕಡ್ಡಿ ತಯಾರು ಮಾಡಿದ್ದರೆ ಇಪ್ಪತ್ತೈದಾದರೂ ಹತ್ತುತ್ತಿದ್ದವು. ಅದಕ್ಕೇ ಕೇಳಿದವರಿಗೆಲ್ಲ ಹೇಳುತ್ತೇನೆ: ಟೊಳ್ಳಾದ ಮರವಿದ್ದರೆ ಬರುವ ಮಳೆಗಾಲಕ್ಕೇ ಕಟ್ಟಿ.

ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂತು, ಆಮೇಲೆ ಕಾಳಿಗೆ ಸೂಪಾ ಬಂತು. ನದಿ ದಂಡೆಯ ಎಷ್ಟೋ ಕಾಡು ನೀರಿನ ಕೆಳಗೆ ಹೋಯಿತು. ಅಲ್ಲಿ ಯಾವ ಯಾವ ಮಿಡಿಯ ಮರಗಳಿದ್ದವು ಎಂದು ನೆನಪಿಟ್ಟವರೂ ಈಗ ಕಡಿಮೆಯಾಗುತ್ತಿದ್ದಾರೆ. ಅದನ್ನು ಎಣಿಸಿದಾಗ ಉಳಿದಿರುವ ಒಂದೊಂದು ಮರವೂ ದೊಡ್ಡದಾಗಿ ಕಾಣುತ್ತದೆ.

ಎಲ್ಲಿ ನೆಡಬೇಕು? ಅಡಿಕೆ ತೋಟದ ನಡುವೆ ಆಗುತ್ತದೆಯೇ?

ತೋಟದೊಳಗೆ ಬೇಡ, ನೆರಳಿನಲ್ಲಿ ಮಾವು ಹೂ ಬಿಡುವುದಿಲ್ಲ. ತೋಟದ ಅಂಚು, ಸೊಪ್ಪಿನ ಬೆಟ್ಟದ ಕೆಳಭಾಗ, ಮನೆಯ ಹಿತ್ತಲು ಇವೆಲ್ಲ ಆಗುತ್ತವೆ. ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ಮೇಲ್ಮಣ್ಣು, ಕೊಟ್ಟಿಗೆ ಗೊಬ್ಬರ, ದರಕು (ಉದುರಿದ ಒಣ ಎಲೆ) ತುಂಬಿ. ಗಿಡದಿಂದ ಗಿಡಕ್ಕೆ ಮೂವತ್ತು ಅಡಿ. ನೀರು ನಿಲ್ಲದ ಹಾಗೆ ಬುಡ ಸ್ವಲ್ಪ ಏರಿಯಾಗಿರಲಿ. ಮೊದಲೆರಡು ಬೇಸಿಗೆ ವಾರಕ್ಕೊಮ್ಮೆ ನೀರು, ಬುಡಕ್ಕೆ ದರಕಿನ ಮುಚ್ಚಿಗೆ. ಆಮೇಲೆ ಅದೇ ತನ್ನ ದಾರಿ ನೋಡಿಕೊಳ್ಳುತ್ತದೆ.

ಎಷ್ಟು ವರ್ಷಕ್ಕೆ ಮಿಡಿ?

ನಾಲ್ಕೈದು ವರ್ಷಕ್ಕೆ. ಎರಡನೇ ವರ್ಷವೇ ಹೂ ಬಂದರೆ ಚಿವುಟಿ ಹಾಕಿ, ಗಿಡ ಮೊದಲು ಬೆಳೆಯಲಿ. ಪ್ರತಿ ವರ್ಷ ಬಿಡುತ್ತದೆಂದು ಲೆಕ್ಕ ಹಾಕಬೇಡಿ. ಒಂದು ವರ್ಷ ತುಂಬಿ, ಮರುವರ್ಷ ಬಿಡುವು ತೆಗೆದುಕೊಳ್ಳುವುದು ಅಪ್ಪೆಯ ಸ್ವಭಾವ.

ರೋಗ, ಹುಳು, ಮಂಗಗಳ ಕಾಟಕ್ಕೆ ಏನು ಮಾಡುತ್ತೀರಿ?

ಮಳೆಗಾಲದಲ್ಲಿ ಎಳೆ ಎಲೆಗೆ ಕಪ್ಪು ಚುಕ್ಕೆಯ ಚಿಬ್ಬು ರೋಗ ಬರುತ್ತದೆ. ಅಡಿಕೆ ಕೊಳೆಗೆ ಹೊಡೆಯುವ ಒಂದು ಶೇಕಡಾ ಬೋರ್ಡೋ ದ್ರಾವಣವನ್ನೇ ಇದಕ್ಕೂ ಸಿಂಪಡಿಸುತ್ತೇನೆ. ಹೂ ಬಿಡುವಾಗ ಜಿಗಿಹುಳುವಿಗೆ ಬೇವಿನೆಣ್ಣೆ. ಕಾಂಡದ ತೂತಿನಿಂದ ಹೊಟ್ಟು ಉದುರುತ್ತಿದ್ದರೆ ಒಳಗೆ ಕೊರಕ ಹುಳುವಿದೆ, ತಂತಿ ತೂರಿಸಿ ಎಳೆದು ತೆಗೆಯಿರಿ. ಹಳೆಯ ಮರಗಳಿಗೆ ನಿಜವಾದ ಶತ್ರು ಬಂದಳಿಕೆ. ಹಕ್ಕಿಗಳು ಬೀಜ ತಂದು ಕೊಂಬೆಗೆ ಅಂಟಿಸುತ್ತವೆ, ಹತ್ತು ವರ್ಷದಲ್ಲಿ ಮರದ ರಸವನ್ನೆಲ್ಲ ಅದೇ ಕುಡಿಯುತ್ತದೆ. ಅದು ಹತ್ತಿದ ಜಾಗಕ್ಕಿಂತ ಒಂದು ಅಡಿ ಕೆಳಗೆ ಕೊಂಬೆಯನ್ನೇ ಕಡಿಯಬೇಕು. ಸವಳಿ ಇರುವೆ ಗೂಡು ಕಟ್ಟಿದ್ದರೆ ಇರಲಿ ಬಿಡಿ. ಕೊಯ್ಯುವಾಗ ಕಚ್ಚುತ್ತದೆ, ಆದರೆ ಎಷ್ಟೋ ಹುಳುಗಳನ್ನು ಹಿಡಿದು ತಿನ್ನುತ್ತದೆ.

ಮಂಗಗಳಿಗೆ ಪೂರ್ತಿ ಪರಿಹಾರ ನನ್ನಲ್ಲಿಲ್ಲ. ಗಿಡ ಮನೆಗೆ ಹತ್ತಿರವಿರಲಿ, ಮನೆಯಲ್ಲಿ ನಾಯಿ ಇರಲಿ.

ಕಾರವಾರ, ಅಂಕೋಲೆಯ ಕಡೆ ಇದೇ ಕ್ರಮವೇ?

ಕಸಿಯ ಕ್ರಮ ಅದೇ. ಕರಾವಳಿಯಲ್ಲಿ ಮಳೆ ಇನ್ನೂ ಹೆಚ್ಚಾದ್ದರಿಂದ ಗಿಡಗಳಿಗೆ ಮಾಡು ಬೇಕೇ ಬೇಕು. ಉಪ್ಪುಗಾಳಿ ನೇರ ಬಡಿಯುವ ಕಡೆ ಎಳೆ ಗಿಡಕ್ಕೆ ತಟ್ಟಿಯ ಮರೆ ಕಟ್ಟಿ. ಆದರೆ ಅಲ್ಲಿಯವರು ಮೊದಲು ಉಳಿಸಬೇಕಾದದ್ದು ಇಶಾಡ ಎಂಬ ಹಣ್ಣಿನ ಮಾವು. ಅಂಕೋಲೆಯ ಕರಿ ಇಶಾಡಕ್ಕೆ 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತೆಳು ಸಿಪ್ಪೆ, ತುಂಬಾ ರಸ, ತನ್ನದೇ ಪರಿಮಳ. ಸಿಪ್ಪೆ ತೆಳುವಾದ್ದರಿಂದ ದೂರದ ಪೇಟೆಗೆ ಹೋಗುವಷ್ಟು ತಾಳುವುದಿಲ್ಲ. ತಿನ್ನಬೇಕೆಂದರೆ ಮನೆಯಲ್ಲೇ ಮರವಿರಬೇಕು.

ಸೇಬಿನ ಗಿಡ ನೆಡಬಹುದೇ?

ಈಗ ಬಹಳ ಜನ ಕೇಳುತ್ತಿದ್ದಾರೆ. ಹಿಮಾಲಯದ ಹೆಚ್ಚಿನ ಸೇಬಿಗೆ ಚಳಿಗಾಲದಲ್ಲಿ ಸುಮಾರು ಏಳು ಡಿಗ್ರಿಗಿಂತ ಕೆಳಗಿನ ಥಂಡಿ ಸಾವಿರ ಗಂಟೆಯಷ್ಟು ಸಿಗಬೇಕು. ಶಿರಸಿಯಲ್ಲಿ ಅದು ಸಿಗುವುದಿಲ್ಲ. ಅನ್ನಾ, ಎಚ್‌ಆರ್‌ಎಂಎನ್-99ರಂಥ ಕಡಿಮೆ ಚಳಿ ಸಾಕಾಗುವ ತಳಿಗಳನ್ನು ಬಯಲುಸೀಮೆಯಲ್ಲಿ ಬೆಳೆದವರಿದ್ದಾರೆ. ನಮ್ಮ ನಾಲ್ಕು ತಿಂಗಳ ಮಳೆಯಲ್ಲಿ ಅದರ ಎಲೆ, ಬೇರು ಎರಡನ್ನೂ ಕಾಯುವುದು ಕಷ್ಟದ ಕೆಲಸ. ಆಸೆಗೆ ಒಂದು ನೆಡಿ. ಆದರೆ ಅಪ್ಪೆಯ ಜಾಗವನ್ನು ಅದಕ್ಕೆ ಕೊಡಬೇಡಿ.

ಕಾಡಿನ ಮರದಿಂದ ಕಡ್ಡಿ ತರಬಹುದೇ? ನಮ್ಮ ಮರದ ಹೆಸರು ಬೇರೆಯವರ ಪಾಲಾದರೆ?

ಅರಣ್ಯ ಜಾಗದ ಮರವಾದರೆ ಇಲಾಖೆಯವರನ್ನು ಕೇಳಿಯೇ ಕೊಯ್ಯಿರಿ. ಬೇರೆಯವರ ಮರವಾದರೆ ಕೇಳಿ ಕೊಯ್ದು, ಮುಂದಿನ ವರ್ಷ ಒಂದು ಕಸಿಗಿಡ ಕೊಟ್ಟುಬನ್ನಿ. ಗಿಡಕ್ಕೆ ಮರದ ಹೆಸರು, ಜಾಗ, ಕಟ್ಟಿದ ದಿನ ಬರೆದ ತಗಡಿನ ಚೀಟಿ ಕಟ್ಟಿ. ಹೆಸರಿಲ್ಲದ ಕಸಿಗಿಡ ಎರಡು ತಲೆಮಾರಿನಲ್ಲಿ ಬರೀ ಮಾವಿನ ಮರವಾಗುತ್ತದೆ. ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಅಡಿಯಲ್ಲಿ ರೈತರು ತಮ್ಮ ತಳಿಯನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಬಹುದು. ಶಿರಸಿಯ ಅರಣ್ಯ ಮಹಾವಿದ್ಯಾಲಯದಲ್ಲಿ, ತೋಟಗಾರಿಕೆ ಇಲಾಖೆಯಲ್ಲಿ ಈ ಬಗ್ಗೆ ವಿಚಾರಿಸಿ.

ಕಸಿಯ ಮಿಡಿಗೆ ತಾಯಿಮರದ ರುಚಿಯೇ ಬಂದಿದೆ ಎಂದು ತಿಳಿಯುವುದು ಹೇಗೆ?

ಭರಣಿಯಲ್ಲಿ ಹಾಕಿಯೇ ತಿಳಿಯಬೇಕು. ಫೆಬ್ರುವರಿ, ಮಾರ್ಚ್‌ನಲ್ಲಿ ಗೊರಟು ಬಲಿಯುವ ಮೊದಲು, ಒಂದು ಅಂಗುಲ ತೊಟ್ಟು ಇಟ್ಟು ಕೈಯಿಂದಲೇ ಕೊಯ್ಯಿರಿ. ನೆಲಕ್ಕೆ ಬಿದ್ದ ಮಿಡಿ ಒಂದಿದ್ದರೂ ಭರಣಿಯೆಲ್ಲ ಮೆತ್ತಗಾಗುತ್ತದೆ. ತೊಳೆದು ನೀರಾರಿಸಿ, ಹರಳುಪ್ಪಿನ ಪದರದ ಮೇಲೆ ಮಿಡಿಯ ಪದರ ಹಾಕಿ, ಮೇಲೆ ಭಾರ ಇಡಿ. ಒಂದೆರಡು ವಾರದಲ್ಲಿ ಮಿಡಿ ಚಿರುಟಿ ತನ್ನ ನೀರಿನಲ್ಲೇ ಮುಳುಗುತ್ತದೆ.

ಹೊಳೆಬದಿ ಅಪ್ಪೆಯ ಆರು ಕಸಿಗಿಡಗಳಲ್ಲಿ ಒಂದು ಐದನೇ ವರ್ಷ ಮೂವತ್ತೆಂಟು ಮಿಡಿ ಬಿಟ್ಟಿತು. ಎಲ್ಲವನ್ನೂ ಒಂದು ಸಣ್ಣ ಭರಣಿಯಲ್ಲಿ ಹಾಕಿಟ್ಟು ಮರುವರ್ಷ ನೆರೆಮನೆಗೆ ಒಯ್ದೆ. ಅಜ್ಜಿಗೆ ಈಗ ಕಣ್ಣು ಮಂದ. ಏನು, ಎತ್ತ ಎಂದು ನಾನು ಹೇಳಿರಲಿಲ್ಲ. ಮುಚ್ಚಳ ತೆಗೆದು ಹತ್ತಿರ ಹಿಡಿದೆ. ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ, "ತಮ್ಮಾ, ಆ ಮರ ಬಿದ್ದು ಹೋಗಿತ್ತಲ್ಲ?" ಎಂದು ಕೇಳಿದರು.